ಮರಳುದಿಬ್ಬದಲ್ಲಿ ಸಸಿ ನೆಡುವುದು ಕೊನೆಯ ಕೆಲಸ

ಕಡಲತೀರದ ಮರಳುದಿಬ್ಬ ಹಾಳಾಗುತ್ತಿದೆ ಎಂದೊಡನೆ ಎಲ್ಲರಿಗೂ ಮೊದಲು ಹೊಳೆಯುವುದು ಸಸಿ ನೆಡುವ ಕಾರ್ಯಕ್ರಮ. ಬ್ಯಾನರು, ಬಿಳಿ ಟೋಪಿ, ಗುದ್ದಲಿ, ಒಂದಿಷ್ಟು ಫೋಟೊ. ಮುಂದಿನ ರಜೆಯ ಹೊತ್ತಿಗೆ ನೆಟ್ಟ ಸಾಲಿನ ಮೇಲೆಯೇ ಹೊಸ ಕಾಲುದಾರಿ ಬಿದ್ದಿರುತ್ತದೆ. ಸಸಿ ಸತ್ತದ್ದಕ್ಕೆ ಉಪ್ಪುಗಾಳಿಯನ್ನೋ ಬಿಸಿಲನ್ನೋ ದೂರುತ್ತಾರೆ. ಆದರೆ ಉಪ್ಪುಗಾಳಿಯಲ್ಲೇ ಹುಟ್ಟಿ ಬೆಳೆಯುವ ಗಿಡ ಉಪ್ಪುಗಾಳಿಗೆ ಸಾಯುವುದು ಅಪರೂಪ. ಅದು ಸಾಯುವುದು ಕಾಲಿಗೆ, ಚಕ್ರಕ್ಕೆ, ಬುಡದ ಮರಳು ಹಾರಿಹೋಗಿದ್ದಕ್ಕೆ. ಹಾಗಾಗಿ ಕೆಲಸದ ಕ್ರಮವೂ ಅದನ್ನೇ ಹಿಡಿದು ಹೋಗಬೇಕು: ಮೊದಲು ಜನರ ಕಾಲು, ಆಮೇಲೆ ಮರಳು, ಕೊನೆಗೆ ಗಿಡ. ಮೊದಲೆರಡು ಸರಿಯಾದರೆ ಎಷ್ಟೋ ಕಡೆ ಮೂರನೆಯದರ ಅಗತ್ಯವೇ ಬೀಳುವುದಿಲ್ಲ, ಬಳ್ಳಿ ತಾನಾಗಿ ಬರುತ್ತದೆ.

ದಿಬ್ಬದ ಗಿಡಗಳು ಗಟ್ಟಿ ಜೀವಗಳು, ಆದರೆ ಅವುಗಳ ಗಟ್ಟಿತನದ ಬಗೆಯೇ ಬೇರೆ. ಬೆಂಕಿಯಂತೆ ಕಾದ ಮರಳು, ಸುರಿದ ಮಳೆಯನ್ನು ಗಳಿಗೆಯಲ್ಲಿ ಕೆಳಗಿಳಿಸಿಬಿಡುವ ನೆಲ, ಸಾರವೇ ಇಲ್ಲದ ಮಣ್ಣು, ಯಾವುದಕ್ಕೂ ಜಗ್ಗುವುದಿಲ್ಲ. ಮೈಮೇಲೆ ಮರಳು ಬಂದು ಬಿದ್ದರಂತೂ ಇನ್ನಷ್ಟು ಹುರುಪಿನಿಂದ ಮೇಲೇಳುತ್ತವೆ. ಯುರೋಪಿನ ಮ್ಯಾರಮ್ ಹುಲ್ಲು ವರ್ಷಕ್ಕೆ ಒಂದು ಮೀಟರಿನಷ್ಟು ಮರಳಿನಡಿ ಹೂತರೂ ಮೇಲೆ ಬರಬಲ್ಲದು. ಹೊಸ ಮರಳು ಬರುವುದು ನಿಂತರೇ ಅದು ಸೊರಗತೊಡಗುತ್ತದೆ. ಹಳೆಯ ಮರಳಿನಲ್ಲಿ ಬೇರು ತಿನ್ನುವ ಸೂಕ್ಷ್ಮ ಹುಳುಗಳೂ ಶಿಲೀಂಧ್ರಗಳೂ ಹೆಚ್ಚುವುದು ಅದಕ್ಕೊಂದು ಕಾರಣ. ಉಷ್ಣವಲಯದ ತೀರಗಳಲ್ಲಿ ಮರಳು ಹಿಡಿಯುವ ಕೆಲಸ ಹೆಚ್ಚಾಗಿ ಅಡುಂಬು ಬಳ್ಳಿಯದು. ಮೇಕೆಯ ಗೊರಸಿನಂತೆ ತುದಿ ಸೀಳಿದ ದಪ್ಪ ಎಲೆ, ನೇರಳೆ ಬಣ್ಣದ ಆಲಿಕೆ ಹೂ, ಗಿಣ್ಣುಗಿಣ್ಣಿಗೂ ಬೇರು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದಲ್ಲಿ ಅದರ ಜೊತೆಗೆ ರಾವಣನ ಮೀಸೆ ಎಂಬ ಮುಳ್ಳುಹುಲ್ಲು ಇರುತ್ತದೆ. ಬರಿಗಾಲಲ್ಲಿ ಒಮ್ಮೆ ತುಳಿದವರು ಅದರ ಹೆಸರು ಮರೆಯುವುದಿಲ್ಲ. ಅದೇ ಕುಲದ ಇನ್ನೊಂದು ಹುಲ್ಲು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ದಿಬ್ಬಗಳನ್ನು ಹಿಡಿದಿದೆ. ಅಮೆರಿಕದ ಆಗ್ನೇಯ ತೀರದಲ್ಲಿ ಸೀ ಓಟ್ಸ್ ಎಂಬ ಹುಲ್ಲು. ಹೆಸರು ಬೇರೆ, ಬದುಕುವ ಬಗೆ ಒಂದೇ.

ಈ ಗಿಡಗಳೆಲ್ಲ ಬೆಳೆಯುವುದು ತುದಿಯಿಂದ. ಮುಂದಕ್ಕೆ ಹರಿಯುವ ಕುಡಿಯೇ ಅವುಗಳ ಬಂಡವಾಳ. ಹೂತರೆ ಆ ಕುಡಿ ಮೇಲೇಳುತ್ತದೆ, ತುಳಿದರೆ ಮುರಿಯುತ್ತದೆ. ಮನುಷ್ಯನ ತೂಕ ಅಂಗೈಯಗಲದ ಹಿಮ್ಮಡಿಯ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ ಅದೇ ಹಿಮ್ಮಡಿ ಜಾರುತ್ತದೆ, ತಿರುಚುತ್ತದೆ, ಮರಳಿನೊಳಗಿನ ಎಳೆಬೇರನ್ನೂ ಕಿತ್ತು ಹಾಕುತ್ತದೆ. ಸಮತಟ್ಟಿನಲ್ಲಿ ನಡೆದದ್ದಕ್ಕಿಂತ ಏರು ಹತ್ತಿದ್ದು ಹೆಚ್ಚು ಹಾನಿ, ಓಡುತ್ತ ಇಳಿದದ್ದು ಅದಕ್ಕಿಂತ ಹೆಚ್ಚು. ದಿಬ್ಬದ ಮೇಲಿಂದ ಜಾರುವ ಆಟ ಮಕ್ಕಳಿಗೆ ಅರ್ಧ ಗಂಟೆಯ ಖುಷಿ, ಆದರೆ ಆ ಗಾಯ ಮುಚ್ಚಿಕೊಳ್ಳಲು ದಿಬ್ಬದ ಮುಖಕ್ಕೆ ಒಂದು ಮಳೆಗಾಲ ಬೇಕು.

ಹಾನಿ ಎಲ್ಲ ಕಡೆ ಒಂದೇ ಅಲ್ಲ. ನೀರಿನ ಕಡೆಯಿಂದ ನೋಡಿದರೆ ಮೊದಲು ಉಬ್ಬರದ ಗೆರೆ, ಅಲ್ಲಿ ಆ ವರ್ಷ ಮೊಳೆತ ಸಸಿಗಳು. ಅದರ ಹಿಂದೆ ಮೊಣಕಾಲೆತ್ತರದ ಎಳೆಯ ದಿಬ್ಬ. ಅದರ ಹಿಂದೆ ಮುಂದಿಬ್ಬ ಎನ್ನಬಹುದಾದ ಎತ್ತರದ ಸಾಲು. ಆಮೇಲೆ ಮಳೆಗಾಲದಲ್ಲಿ ಜಿನುಗು ನಿಲ್ಲುವ ತಗ್ಗುಗಳು, ಕೊನೆಗೆ ಪೊದೆ, ಪಾಚಿ, ಕಲ್ಲುಹೂವು ಹಿಡಿದು ನಿಂತುಹೋದ ಹಳೆಯ ದಿಬ್ಬ. ಮುಂದಿನ ಸಾಲಿನ ಗಿಡಗಳು ಬೇಗ ಸಾಯುತ್ತವೆ, ಬೇಗ ಬರುತ್ತವೆ. ತುಳಿತ ನಿಂತರೆ ಒಂದೆರಡು ಬೆಳವಣಿಗೆಯ ಹಂಗಾಮಿನಲ್ಲಿ ಹಸಿರು ಮರಳಿ ಕಾಣುತ್ತದೆ. ಹಳೆಯ ದಿಬ್ಬದ ಮೇಲಿನ ಪಾಚಿ, ಕಲ್ಲುಹೂವಿನ ತೆಳು ಹೊದಿಕೆ ಹಾಗಲ್ಲ. ಒಣಗಿದಾಗ ಅದು ಹಪ್ಪಳದಂತೆ ಪುಡಿಯಾಗುತ್ತದೆ, ಮತ್ತೆ ಕಟ್ಟಿಕೊಳ್ಳಲು ದಶಕಗಳು ಬೇಕಾಗಬಹುದು. ಡೇರೆ ಹಾಕಲು, ವಾಹನ ನಿಲ್ಲಿಸಲು, ಊಟಕ್ಕೆ ಕೂರಲು ಜನ ಹುಡುಕುವುದು ಮಾತ್ರ ಇದೇ ಹಿಂದಿನ ಜಾಗವನ್ನು. ಗಾಳಿ ಕಡಿಮೆ, ನೆರಳೂ ಉಂಟು. ಮುಂದೆ ಹಗ್ಗ ಕಟ್ಟಿ ಹಿಂದೆ ಪಾರ್ಕಿಂಗ್ ಬಿಟ್ಟರೆ ದಿಬ್ಬವನ್ನು ಬೆನ್ನ ಕಡೆಯಿಂದ ಮಾರಿಕೊಂಡಂತೆ.

ಒಂದು ಕಾಲುದಾರಿ ದಿಬ್ಬವನ್ನು ಒಡೆಯುವುದು ಹೀಗೆ. ನೂರಾರು ಜನ ಒಂದೇ ಗೆರೆಯಲ್ಲಿ ನಡೆದಾಗ ಹಸಿರು ತೆಳುವಾಗಿ ಬರಿ ಮರಳು ತೆರೆದುಕೊಳ್ಳುತ್ತದೆ. ಒಣ ಮರಳು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಗಾಳಿಗೇ ಎದ್ದು ಕುಪ್ಪಳಿಸತೊಡಗುತ್ತದೆ. ಅದು ಬಿರುಗಾಳಿಯಲ್ಲ, ಎಂದಿನ ಮಧ್ಯಾಹ್ನದ ಕಡಲಗಾಳಿ. ಕಾಲುದಾರಿ ದಿಬ್ಬದ ನೆತ್ತಿಯನ್ನು ಒಂದು ಗೇಣು ತಗ್ಗಿಸಿದರೂ ಗಾಳಿ ಆ ಕಿಂಡಿಗೆ ನುಗ್ಗುತ್ತದೆ. ಕಿಂಡಿಯಲ್ಲಿ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಕಿಂಡಿ ಆಳವಾಗುತ್ತದೆ. ಎರಡೂ ಬದಿ ಕುಸಿದು ಬೇರುಗಳು ಗಾಳಿಯಲ್ಲಿ ಜೋತಾಡುತ್ತವೆ. ಈ ಕೊರೆತ ನಿಲ್ಲುವುದು ಕೆಳಗೆ ತೇವದ ಮರಳು ಸಿಕ್ಕಾಗ. ಕಿತ್ತುಹೋದ ಮರಳು ಹಿಂಬದಿಯಲ್ಲಿ ನಾಲಿಗೆಯಂತೆ ಚಾಚಿ ಬೀಳುತ್ತದೆ. ಅಲ್ಲಿರುವ ಪೊದೆಗಳು ಮ್ಯಾರಮ್ ಅಲ್ಲ, ಹೂತರೆ ಸಾಯುತ್ತವೆ. ದಾರಿ ಗಾಳಿಯ ದಿಕ್ಕಿಗೇ ನೇರವಾಗಿದ್ದರೆ ಇದೆಲ್ಲ ಇನ್ನೂ ಬೇಗ ಆಗುತ್ತದೆ.

ಮೊದಲು ಕಾಲು

ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ನೋಡದೆ ಒಂದು ಗೂಟವನ್ನೂ ಹೂಳಬಾರದು. ಜನ ಹೆಚ್ಚು ಸೇರುವ ದಿನದ ಮರುಬೆಳಿಗ್ಗೆ, ಗಾಳಿ ಏಳುವ ಮೊದಲು ಹೋದರೆ ಹೆಜ್ಜೆಗುರುತುಗಳೇ ನಕ್ಷೆ ಬಿಡಿಸಿಟ್ಟಿರುತ್ತವೆ. ಉಪಗ್ರಹ ಚಿತ್ರದಲ್ಲಿ ಹಳೆಯ ದಾರಿಗಳು ಬಿಳಿ ಗೆರೆಗಳಾಗಿ ಕಾಣುತ್ತವೆ. ಎರಡನ್ನೂ ಒಂದೇ ಹಾಳೆಯ ಮೇಲೆ ಹಾಕಿ, ಜೊತೆಗೆ ಪಾರ್ಕಿಂಗ್, ಬಸ್ಸು ನಿಲ್ಲುವ ಜಾಗ, ಶೌಚಾಲಯ, ವಸತಿಗೃಹದ ಗೇಟು, ತಿಂಡಿ ಅಂಗಡಿ, ಫೋಟೊ ತೆಗೆಯುವ ಜಾಗ ಇಷ್ಟನ್ನೂ ಗುರುತಿಸಿ. ಐದು ದಾರಿಗಳಿದ್ದರೆ ಅವು ಐದು ಕಾರಣಕ್ಕೆ ಹುಟ್ಟಿದವೇನಲ್ಲ. ಬಹುತೇಕ ಎಲ್ಲವೂ ಪಾರ್ಕಿಂಗ್ ಅಂಚಿನಿಂದ ಬೆರಳುಗಳಂತೆ ಹರಡಿರುತ್ತವೆ. ಪಾರ್ಕಿಂಗಿನ ಕಡಲ ಬದಿಗೆ ಬೇಲಿ ಹಾಕಿ ಒಂದೇ ಬಾಯಿ ಬಿಟ್ಟರೆ ನಾಲ್ಕು ದಾರಿ ಒಟ್ಟಿಗೆ ಸಾಯುತ್ತವೆ. ಇಡೀ ಕೆಲಸದಲ್ಲಿ ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಇನ್ನೊಂದು ಉಪಾಯವಿಲ್ಲ.

ಉಳಿಸಿಕೊಳ್ಳುವ ದಾರಿ ಯಾವುದು? ಜನ ಈಗಾಗಲೇ ಹೆಚ್ಚು ಬಳಸುವುದೇ. ಗಿಡ ಚೆನ್ನಾಗಿದೆ ಎಂದು ಅದನ್ನು ಮುಚ್ಚಿ ಇನ್ನೂರು ಮೀಟರ್ ಆಚೆ ಹೊಸ ದಾರಿ ತೋರಿಸಿದರೆ ಯಾರೂ ಹೋಗುವುದಿಲ್ಲ. ಹಗ್ಗ ಕಡಿದು ಮೊದಲಿನಂತೆಯೇ ನಡೆಯುತ್ತಾರೆ. ಜಾಗವನ್ನು ಒಪ್ಪಿಕೊಂಡು ಆಕಾರವನ್ನು ಬದಲಿಸಬೇಕು. ದಿಬ್ಬವನ್ನು ಸೀಳಿಕೊಂಡು ನೇರ ಹೋಗುವ ದಾರಿಯನ್ನು ಮುಖ್ಯ ಗಾಳಿಗೆ ಓರೆಯಾಗುವಂತೆ ತಿರುಗಿಸಿ, ನಡುವೆ ಒಂದು ಬಾಗು ಕೊಡಿ. ಕಡಲ ಕಡೆಯ ಬಾಯಿ ಗಾಳಿಗೆ ಎದುರಾಗಿ ತೆರೆದಿರಬಾರದು. ನೆತ್ತಿಯನ್ನು ಕಡಿಯಬೇಡಿ, ಅದರ ಮೇಲೆ ಹತ್ತಿ ಇಳಿಯುವಂತೆ ಮಾಡಿ. ಕಡಿದ ದಾರಿ ಮರಳಿಗೆ ಮಾತ್ರವಲ್ಲ, ಉಕ್ಕಿದ ಅಲೆಗೂ ಬಾಗಿಲು.

ದಾರಿಯ ಹಾಸು ಜನಸಂಖ್ಯೆಗೆ ತಕ್ಕಂತಿರಲಿ. ದಿನಕ್ಕೆ ಹತ್ತಿಪ್ಪತ್ತು ಜನ ಬರುವ ಕಡೆ ಎರಡೂ ಬದಿಗೆ ಗೂಟ, ಹಗ್ಗ, ನಡುವೆ ಬರಿ ಮರಳು ಸಾಕು. ಅದಕ್ಕಿಂತ ಹೆಚ್ಚಿದ್ದರೆ ಮರದ ಪಟ್ಟಿಗಳನ್ನು ಎರಡು ಸರಪಳಿಗೋ ದಪ್ಪ ಹಗ್ಗಕ್ಕೋ ಪೋಣಿಸಿದ ಏಣಿಯಂಥ ಚಾಪೆ ಒಳ್ಳೆಯದು. ಪಟ್ಟಿಯ ಉದ್ದ 1.2ರಿಂದ 1.5 ಮೀಟರ್. ಮರಳು ಮುಚ್ಚಿಕೊಂಡಾಗ ನಾಲ್ಕು ಜನ ತುದಿ ಹಿಡಿದು ಎಳೆದರೆ ಮತ್ತೆ ಮೇಲೆ ಬರುತ್ತದೆ. ಇದರ ಜಾಣತನ ಅಷ್ಟೇ, ದಿಬ್ಬ ಏರಿದಂತೆ ದಾರಿಯೂ ಏರುತ್ತದೆ. ತೊಂದರೆ ಬರುವುದು ಎಳೆಯುವ ಕೆಲಸ ಯಾರದು ಎಂದು ಗೊತ್ತುಮಾಡದಿದ್ದಾಗ. ಎರಡು ಹಂಗಾಮು ಬಿಟ್ಟರೆ ಚಾಪೆ ಮೊಣಕಾಲಾಳಕ್ಕೆ ಹೂತಿರುತ್ತದೆ, ಜನ ಪಕ್ಕದ ಹಸಿರಿನ ಮೇಲೆ ನಡೆಯುತ್ತಿರುತ್ತಾರೆ.

ನೂರಾರು ಜನ ಬರುವ ಕಡೆ ಎತ್ತರಿಸಿದ ಹಲಗೆದಾರಿಯೇ ಬೇಕು. ಅಗಲ 1.2 ಮೀಟರ್ ಕನಿಷ್ಠ, ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟಬೇಕಾದರೆ 1.8. ಗಾಲಿಕುರ್ಚಿಗೆ ಏರು 12ಕ್ಕೆ 1ಕ್ಕಿಂತ ಕಡಿದಾಗಬಾರದು. ಹಲಗೆಗಳ ನಡುವೆ ಒಂದರಿಂದ ಎರಡು ಸೆಂಟಿಮೀಟರ್ ಬಿಡುವು ಇಟ್ಟರೆ ಮಳೆನೀರು, ಬೆಳಕು, ಮರಳು ಮೂರೂ ಕೆಳಗಿಳಿಯುತ್ತವೆ. ಗಾಲಿ ಸಿಕ್ಕಿಕೊಳ್ಳದಂತೆ ಹಲಗೆಯನ್ನು ನಡಿಗೆಗೆ ಅಡ್ಡಲಾಗಿ ಹಾಸಬೇಕು. ಎತ್ತರದಲ್ಲಿ ಜಿಪುಣತನ ಸಲ್ಲದು. ಹಾಸಿನ ಅಗಲದಷ್ಟಾದರೂ ಎತ್ತರವಿದ್ದರೆ ಕೆಳಗಿನ ಗಿಡಕ್ಕೆ ಓರೆ ಬೆಳಕು ಸಿಗುತ್ತದೆ, ಗಾಳಿ ಮರಳನ್ನು ಹೊತ್ತು ಅಡಿಯಿಂದ ದಾಟುತ್ತದೆ. ಗೇಣೆತ್ತರಕ್ಕೆ ಕಟ್ಟಿದರೆ ಅದೇ ಅಣೆಕಟ್ಟಾಗಿ ಮರಳು ಕಟ್ಟಿಕೊಂಡು ವರ್ಷದೊಳಗೆ ಹೂತುಹೋಗುತ್ತದೆ. ಕಂಬಕ್ಕೆ ಕಾಂಕ್ರೀಟ್ ಬುನಾದಿ ಬೇಡ. ಮರಳು ಸರಿದಾಗ ಆ ಗಡ್ಡೆ ಹೊರಬಿದ್ದು ಸುತ್ತ ಸುಳಿಗಾಳಿ ಎದ್ದು ಗುಂಡಿ ಬೀಳುತ್ತದೆ, ಬಿರುಗಾಳಿಯಲ್ಲಿ ಕಿತ್ತುಬಂದರೆ ಅದೇ ಅಪಾಯ. ಕಂಬವನ್ನೇ ಆಳಕ್ಕೆ ಇಳಿಸಿ. ಸಾದಾ ಮೊಳೆ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ತಲೆ ಮುರಿಯುತ್ತದೆ, ಆದ್ದರಿಂದ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂಗೆ ಹಣ ಹಾಕುವುದೇ ಉಳಿತಾಯ. ಕಡಲ ಕಡೆಯ ಕೊನೆಯ ತುಂಡನ್ನು ಬೋಲ್ಟ್ ಬಿಚ್ಚಿ ಎತ್ತಿಡುವಂತೆ ಮಾಡಿದರೆ ಬಿರುಗಾಳಿಯ ಕಾಲಕ್ಕೆ ಪೂರ್ತಿ ದಾರಿ ಹೋಗುವುದಿಲ್ಲ.

ಹಲಗೆದಾರಿ ಎಲ್ಲಿ ಮುಗಿಯುತ್ತದೆ ಎಂಬುದು ಅದು ಹೇಗಿದೆ ಎಂಬುದಕ್ಕಿಂತ ಮುಖ್ಯ. ಹಣ ಉಳಿಸಲು ಮುಂದಿಬ್ಬದ ನೆತ್ತಿಯಲ್ಲೇ ಮುಗಿಸಿಬಿಟ್ಟರೆ ಇಳಿದ ಜನ ಅಲ್ಲಿಂದ ಬೀಸಣಿಗೆಯಂತೆ ಹರಡುತ್ತಾರೆ, ಎಳೆಯ ದಿಬ್ಬ ಅಲ್ಲೇ ಸಾಯುತ್ತದೆ. ಬಳ್ಳಿಯ ತುದಿಗಿಂತ ಕೆಲವು ಮೀಟರ್ ಮುಂದಕ್ಕೆ, ತೆರೆದ ಮರಳಿನಲ್ಲಿ ಇಳಿಸಬೇಕು. ನೋಟಕ್ಕೆಂದು ನೆತ್ತಿಯ ಮೇಲೊಂದು ಕಟ್ಟೆಯನ್ನೂ ಸೇರಿಸಿಬಿಡುವುದು ಒಳ್ಳೆಯದು. ಜನ ನೋಡಲು ಹತ್ತಿಯೇ ಹತ್ತುತ್ತಾರೆ, ಹಲಗೆಯ ಮೇಲೆ ಹತ್ತಲಿ.

ಬಿಟ್ಟ ದಾರಿಗಳನ್ನು ಮುಚ್ಚುವುದು ಪ್ರತ್ಯೇಕ ಕೆಲಸ. ಫಲಕ ಸಾಲದು. ದಾರಿ ಕಣ್ಣಿಗೆ ಕಾಣುವವರೆಗೂ ಅದು ಕರೆಯುತ್ತಿರುತ್ತದೆ. ಎರಡೂ ಬಾಯಿಗಳ ಮೊದಲ ಐದರಿಂದ ಹತ್ತು ಮೀಟರನ್ನು ಒಣ ಟೊಂಗೆಗಳಿಂದ ಅಡ್ಡಡ್ಡ ತುಂಬಬೇಕು, ದಪ್ಪ ತುದಿ ಮರಳಿನೊಳಗೆ ಹೂತಿರಲಿ. ಅದು ಹೆಜ್ಜೆಯನ್ನೂ ತಡೆಯುತ್ತದೆ, ಹಾರುವ ಮರಳನ್ನೂ ಹಿಡಿಯುತ್ತದೆ. ಬೀಜ ಬಿಟ್ಟ ಕಳೆಗಿಡದ ಟೊಂಗೆ ತಂದು ಹಾಕಿದರೆ ಮಾತ್ರ ಹೊಸ ಪೀಡೆ ಬಿತ್ತಿದಂತೆ.

ಹಗ್ಗದ ವಿಷಯ. ಮೊಣಕಾಲಿನಿಂದ ಸೊಂಟದ ನಡುವಿನ ಎತ್ತರಕ್ಕೆ, ಮೂರು ನಾಲ್ಕು ಮೀಟರಿಗೊಂದು ಗೂಟ ಹಾಕಿ ಎಳೆದು ಕಟ್ಟಿದ ತೆಂಗಿನ ನಾರಿನ ಹಗ್ಗ ಗೋಡೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮರಳು ದಾಟುತ್ತದೆ, ಆಮೆ, ಏಡಿ, ಹಕ್ಕಿ ದಾಟುತ್ತವೆ, ಮನುಷ್ಯನಿಗೆ ಮಾತ್ರ ಸೂಚನೆ ತಲುಪುತ್ತದೆ. ಹೆಚ್ಚಿನ ಕಡೆ ಮಾಡುವ ತಪ್ಪೆಂದರೆ ಹಗ್ಗವನ್ನು ಈಗ ಹಸಿರು ಮುಗಿಯುವ ಗೆರೆಗೇ ಕಟ್ಟುವುದು. ಬಳ್ಳಿಗೆ ಮುಂದೆ ಹೋಗಲು ಜಾಗವಿರುವುದಿಲ್ಲ, ಹಗ್ಗ ದಾಟಿದ ಕುಡಿಯೆಲ್ಲ ತುಳಿತಕ್ಕೆ ಸಿಗುತ್ತದೆ. ಹಸಿರಿನ ಅಂಚಿನಿಂದ ಕಡಲ ಕಡೆಗೆ ಎರಡು ಮೂರು ಮೀಟರ್ ಬರಿ ಮರಳು ಬಿಟ್ಟು ಕಟ್ಟಬೇಕು. ಬರಿ ಮರಳಿಗೆ ಏಕೆ ಹಗ್ಗ ಎಂದು ಕೇಳುವವರಿಗೆ ಒಂದು ಮಳೆಗಾಲ ಕಳೆದ ಮೇಲೆ ಉತ್ತರ ಕಾಣುತ್ತದೆ. ಜೋಲುಬಿದ್ದ ಹಗ್ಗ ಇಲ್ಲದ ಹಗ್ಗಕ್ಕೆ ಸಮ, ಆಗಾಗ ಬಿಗಿ ಮಾಡುತ್ತಿರಬೇಕು.

ಫಲಕದಲ್ಲಿ ಬೋಧನೆ ಬೇಡ. ನಲವತ್ತು ಸಾಲಿನ ಪರಿಸರ ಪಾಠವನ್ನು ಯಾರೂ ಈಜುಡುಗೆಯಲ್ಲಿ ನಿಂತು ಓದುವುದಿಲ್ಲ. ಜನ ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸುವ ಜಾಗದಲ್ಲಿ ‘ಕಡಲಿಗೆ ದಾರಿ, ಬಲಕ್ಕೆ 40 ಮೀಟರ್’ ಎಂದಿದ್ದರೆ ಸಾಕು. ಅದರ ಕೆಳಗೆ ಸಣ್ಣದಾಗಿ ‘ಈ ಬಳ್ಳಿ ದಿಬ್ಬವನ್ನು ಹಿಡಿದಿದೆ’. ‘ಇಲ್ಲಿ ನಡೆಯಬೇಡಿ’ ಎಂದಷ್ಟೇ ಬರೆದ ಫಲಕ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಯನ್ನು ಹಾಗೇ ಬಿಟ್ಟಿರುತ್ತದೆ.

ವಾಹನಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ದಿಬ್ಬದ ಮೇಲೆ ಚಕ್ರ ಕೂಡದು. ತೀರದಲ್ಲಿ ವಾಹನ ಓಡಲೇಬೇಕಾದ ಕಡೆ ಅದು ಉಬ್ಬರದ ಗೆರೆಗಿಂತ ಕೆಳಗೆ, ಒದ್ದೆಯಾದ ಗಟ್ಟಿ ಮರಳಿನಲ್ಲಿ ಓಡಲಿ. ಮೇಲಿನ ಒಣ ಮರಳಿನಲ್ಲಿ ಒಂದೇ ಸಲ ಓಡಿದ ಚಕ್ರ ಆ ವರ್ಷದ ಮೊಳಕೆಯ ಸಾಲನ್ನೇ ಅಳಿಸುತ್ತದೆ, ಮೊಳಕೆ ಕಸದಂತೆ ಕಾಣುವುದರಿಂದ ಓಡಿಸಿದವನಿಗೆ ಗೊತ್ತೇ ಆಗುವುದಿಲ್ಲ.

ಸ್ವಚ್ಛತೆಯ ಹೆಸರಿನಲ್ಲಿ

ತುಳಿತದಷ್ಟೇ ಹಾನಿ ಮಾಡುವ, ಆದರೆ ಹೊಗಳಿಸಿಕೊಳ್ಳುವ ಕೆಲಸ ಒಂದಿದೆ. ಅದು ಯಂತ್ರದಿಂದ ತೀರ ಗುಡಿಸುವುದು. ಉಬ್ಬರ ತಂದು ಹಾಕುವ ಕಡಲಪಾಚಿ, ಕಡ್ಡಿ, ಕಾಯಿ ಪ್ರವಾಸಿಗರಿಗೆ ಕಸ. ಸಾರವಿಲ್ಲದ ಮರಳಿಗೆ ಅದೇ ಗೊಬ್ಬರ, ಅದೇ ತೇವ. ಅಡುಂಬು ಬಳ್ಳಿಯ ಬೀಜ ಕಡಲಲ್ಲಿ ತೇಲಿ ಬಂದು ಸೇರುವುದೂ ಅದೇ ರಾಶಿಗೆ. ಆ ರಾಶಿಯ ಹಿಂದೆ ಅಂಗೈಯಷ್ಟು ಮರಳು ನಿಲ್ಲುತ್ತದೆ, ಅದರಲ್ಲಿ ಮೊಳಕೆ, ಮೊಳಕೆಯ ಹಿಂದೆ ಇನ್ನಷ್ಟು ಮರಳು. ದಿಬ್ಬ ಹುಟ್ಟುವುದೇ ಹೀಗೆ. ದಿನವೂ ಬೆಳಿಗ್ಗೆ ಟ್ರ್ಯಾಕ್ಟರಿನ ಹಲ್ಲು ಅದನ್ನು ಬಾಚಿ ಒಯ್ದರೆ ತೀರ ಟೇಬಲ್ಲಿನಂತೆ ಚಪ್ಪಟೆಯಾಗಿ ಉಳಿಯುತ್ತದೆ, ಹಿಂದಿನ ದಿಬ್ಬಕ್ಕೆ ಮುಂದಿನ ಸಾಲಿನ ರಕ್ಷಣೆ ಇಲ್ಲವಾಗುತ್ತದೆ.

ಪ್ಲಾಸ್ಟಿಕ್, ಗಾಜು, ಬಲೆಯ ತುಂಡು ಇವನ್ನು ಕೈಯಿಂದ ಆರಿಸಿ ತೆಗೆಯಬೇಕು, ಪಾಚಿಯನ್ನು ಅಲ್ಲೇ ಬಿಡಬೇಕು. ಯಂತ್ರ ಬೇಕೇಬೇಕೆಂದರೆ ಜನ ಹೆಚ್ಚು ಕೂರುವ ಪಟ್ಟಿಗಷ್ಟೇ, ಅದೂ ಗಿಡದ ಅಂಚಿನಿಂದ ಐದು ಮೀಟರಿಗಿಂತ ಹತ್ತಿರ ಬಾರದಂತೆ. ಪಾಚಿಯ ವಾಸನೆಗೆ ದೂರು ಬಂದರೆ ಅದನ್ನು ಊರಾಚೆ ಸಾಗಿಸುವ ಬದಲು ದಿಬ್ಬದ ಮುಂದಿನ ಬುಡಕ್ಕೆ ತೆಳುವಾಗಿ ಹರಡಿದರೆ ಗಾಳಿ ಒಂದೆರಡು ದಿನದಲ್ಲಿ ಅದರ ಮೇಲೆ ಮರಳು ಹಾಕಿ ಮುಚ್ಚುತ್ತದೆ. ತೇಲಿ ಬಂದ ಮರದ ತುಂಡುಗಳದ್ದೂ ಇದೇ ಕತೆ. ಅವು ಮೊಳಕೆಗೆ ಮರೆ, ರಾತ್ರಿಯ ಕ್ಯಾಂಪ್‌ಫೈರಿಗೆ ಅಲ್ಲ.

ಉದ್ಯಾನ ಮತ್ತು ನೋಟ

ವಸತಿಗೃಹದವರು ದಿಬ್ಬಕ್ಕೆ ಮಾಡುವ ಹಾನಿಯಲ್ಲಿ ಎರಡು ಬಗೆ. ಒಂದು, ಹಸಿರು ಹೆಚ್ಚಿಸುವುದು. ಹುಲ್ಲುಹಾಸು, ಅದಕ್ಕೆ ದಿನವೂ ನೀರು, ಗೊಬ್ಬರ. ಬಡ ಮರಳಿನಲ್ಲಿ ಬದುಕಲು ಕಲಿತ ಗಿಡಗಳಿಗೆ ಸಾರ ಸಿಕ್ಕಿದರೆ ಲಾಭವಾಗುವುದು ಅವಕ್ಕಲ್ಲ, ಕಳೆಗೆ. ತೋಟದಿಂದ ತಪ್ಪಿಸಿಕೊಂಡು ಬರುವ ಗಿಡಗಳದ್ದು ಇನ್ನೊಂದು ಪಾಡು. ಬಿಸಿ ಪ್ರದೇಶಗಳ ತೀರಗಳಲ್ಲಿ ಹಳದಿ ಹೂವಿನ ಸಿಂಗಪುರ ಡೇಸಿ, ಮೆಡಿಟರೇನಿಯನ್ ಮತ್ತು ಕ್ಯಾಲಿಫೋರ್ನಿಯಾ ತೀರಗಳಲ್ಲಿ ದಕ್ಷಿಣ ಆಫ್ರಿಕಾ ಮೂಲದ ಐಸ್ ಪ್ಲಾಂಟ್, ಎರಡೂ ದಟ್ಟ ಚಾಪೆಯಾಗಿ ಹರಡಿ ಊರಿನ ಗಿಡಗಳನ್ನು ಉಸಿರುಗಟ್ಟಿಸುತ್ತವೆ. ಯುರೋಪಿನಲ್ಲಿ ದಿಬ್ಬ ಕಾಯುವ ಮ್ಯಾರಮ್ ಹುಲ್ಲೇ ಅಮೆರಿಕದ ಪಶ್ಚಿಮ ತೀರದಲ್ಲಿ ಪೀಡೆ. ಅಲ್ಲಿನ ತಗ್ಗು, ತೆರೆದ ದಿಬ್ಬಗಳನ್ನು ಅದು ಕಡಿದಾದ ಸಾಲಾಗಿಸಿ ಅಲ್ಲಿಯದೇ ಗಿಡಗಳನ್ನು ಹೊರದೂಡಿತು. ಗಾಳಿ ಮರದ ತೋಪುಗಳ ಬಗ್ಗೆಯೂ ಎಚ್ಚರ ಬೇಕು. ನೆರಳಿಗೆಂದು ಮುಂದಿಬ್ಬದ ಮೇಲೇ ನೆಟ್ಟರೆ ಅದರ ಸೂಜಿ ತರಗು ದಪ್ಪ ಹಾಸಾಗಿ ಕೆಳಗೆ ಬಳ್ಳಿ ಏಳಲು ಬಿಡುವುದಿಲ್ಲ, ಬುಡದ ಮರಳು ಸರಿದರೆ ಮರವೇ ಉರುಳುತ್ತದೆ. ಐಸ್ ಪ್ಲಾಂಟಿನಂಥವನ್ನು ಕಿತ್ತು ದಿಬ್ಬದ ಮೇಲೇ ಒಣಹಾಕಬಾರದು, ತುಂಡು ತುಂಡೂ ಬೇರು ಬಿಡುತ್ತದೆ. ಒಂದೇ ಸಲಕ್ಕೆ ಇಡೀ ದಿಬ್ಬ ಬೋಳಾಗದಂತೆ ಪಟ್ಟಿ ಪಟ್ಟಿಯಾಗಿ ತೆಗೆದು, ತೆಗೆದಲ್ಲಿ ಆಯಾ ತೀರದ ಗಿಡ ನಿಲ್ಲಿಸಿ ಮುಂದೆ ಹೋಗಬೇಕು.

ಎರಡನೆಯದು ದಿಬ್ಬವನ್ನೇ ತೆಗೆಯುವುದು. ಕೋಣೆಯ ಕಿಟಕಿಯಿಂದ ಕಡಲು ಕಾಣಬೇಕು, ದಿಬ್ಬ ಅಡ್ಡ. ಶ್ರೀಲಂಕಾದ ಯಾಲದಲ್ಲಿ ಒಂದು ವಸತಿಗೃಹದ ಮುಂದಿನ ದಿಬ್ಬವನ್ನು ನೋಟಕ್ಕಾಗಿ ತಗ್ಗಿಸಲಾಗಿತ್ತು. 2004ರ ಸುನಾಮಿಯಲ್ಲಿ ಆ ಕಟ್ಟಡ ನೆಲಸಮವಾಯಿತು. ಅಲೆಗಳನ್ನು ಅಳೆಯಲು ಬಂದ ವಿಜ್ಞಾನಿಗಳು ಹೋದ ದಿಬ್ಬವನ್ನೂ ಬಂದ ನೀರನ್ನೂ ಒಟ್ಟಿಗೇ ದಾಖಲಿಸಿದರು. ನೋಟ ಬೇಕೆಂದರೆ ಕಟ್ಟಡದಲ್ಲಿ ಒಂದು ಮಾಳಿಗೆ ಎತ್ತರಿಸುವುದು ದಿಬ್ಬ ತಗ್ಗಿಸುವುದಕ್ಕಿಂತ ಅಗ್ಗ.

ಆಮೇಲೆ ಮರಳು

ಕಾಲು ದಾರಿಗೆ ಬಂದ ಮೇಲೆ, ಕೊರೆದ ಕಿಂಡಿಯಲ್ಲಿ ಮರಳು ನಿಲ್ಲಿಸುವ ಸರದಿ. ಜನರಿಗೆ ಸಹಜವಾಗಿ ತೋಚುವುದು ಗಟ್ಟಿ ತಡೆ, ತಗಡು ಇಲ್ಲವೇ ಒತ್ತೊತ್ತು ಹಲಗೆ. ಅದು ಕೆಲಸ ಕೆಡಿಸುತ್ತದೆ. ಗಾಳಿ ಗೋಡೆಗೆ ಬಡಿದು ಬುಡದಲ್ಲಿ ಸುಳಿ ಸುತ್ತಿ ಮರಳನ್ನು ಅಲ್ಲಿಂದಲೇ ತೋಡುತ್ತದೆ. ಬೇಲಿಯಲ್ಲಿ ಅರ್ಧ ಕಡ್ಡಿ, ಅರ್ಧ ಸಂದು ಇರಬೇಕು. ಗಾಳಿ ದಾಟುತ್ತದೆ ಆದರೆ ಸೋತು ದಾಟುತ್ತದೆ, ಹೊತ್ತ ಮರಳನ್ನು ಇಳಿಸಿ ಹೋಗುತ್ತದೆ. ಎತ್ತರ 1ರಿಂದ 1.2 ಮೀಟರ್ ಸಾಕು, ಕುಪ್ಪಳಿಸುವ ಮರಳಿನ ಬಹುಪಾಲು ಮೊಣಕಾಲಿನ ಕೆಳಗೇ ಓಡುತ್ತದೆ. ಬಿದಿರು ಸೀಳು, ತೆಂಗಿನ ಗರಿ, ಒಣ ಟೊಂಗೆ, ಮರದ ಪಟ್ಟಿ ಏನಾದರೂ ಆದೀತು. ಪ್ಲಾಸ್ಟಿಕ್ ಬಲೆ ಬೇಡ. ಹೂತ ಮೇಲೆ ಅದನ್ನು ತೆಗೆಯಲಾಗದು, ಬಿಸಿಲಿಗೆ ಚೂರಾದ ಮೇಲೆ ಹೆಕ್ಕಲಾಗದು.

ಬೇಲಿಯ ಜಾಗ ಮುಂದಿಬ್ಬದ ಬುಡ, ಎಂದಿನ ಅಲೆ ಮುಟ್ಟದ ಕಡೆ. ತೀರಾ ಮುಂದೆ ಹಾಕಿದರೆ ಮೊದಲ ಬಿರುಸಿನ ಉಬ್ಬರವೇ ಒಯ್ಯುತ್ತದೆ. ಗೂಟಗಳು ಮೂರು ಮೀಟರಿಗೊಂದು, ಉದ್ದದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲದೊಳಗೆ. ಗಾಳಿ ಒಂದೇ ದಿಕ್ಕಿನಿಂದ ಬರುವ ಕಡೆ ಅದಕ್ಕೆ ಅಡ್ಡಲಾಗಿ ಹಾಕಿ. ಆಮೆ ಮೊಟ್ಟೆಯಿಡುವ ತೀರವಾದರೆ ಉದ್ದ ಸಾಲು ಸಲ್ಲದು. ಮೂರು ಮೀಟರಿನ ತುಂಡುಗಳಾಗಿ, ನಡುವೆ ಎರಡು ಮೀಟರಿಗೂ ಮಿಕ್ಕ ಬಿಡುವಿಟ್ಟು, ತೀರಕ್ಕೆ ಓರೆಯಾಗಿ ನಿಲ್ಲಿಸಿದರೆ ಆಮೆ ಸುತ್ತಿ ಹೋಗುತ್ತದೆ, ಮರಳೂ ನಿಲ್ಲುತ್ತದೆ. ಬೇಲಿ ಮುಕ್ಕಾಲು ಹೂತಾಗ ಅದನ್ನು ಕೀಳದೆ ಮೇಲೆ ಇನ್ನೊಂದು ಹಾಕುತ್ತಾರೆ. ಕಿಂಡಿಯನ್ನು ಜೆಸಿಬಿಯಿಂದ ಒಂದೇ ದಿನ ತುಂಬಿಸುವ ಆಸೆ ಬಂದರೆ ಬೇರೆ ಕಡೆಯ ಮರಳು ತರಬೇಡಿ. ಕಣದ ಗಾತ್ರ ಬೇರೆಯಾದರೆ ಗಾಳಿಯಲ್ಲಿ ಅದರ ನಡತೆಯೂ ಬೇರೆ, ಅದರೊಳಗಿನ ಕಳೆಬೀಜವೂ ಉಚಿತ.

ಕೊನೆಗೆ ಗಿಡ

ತಾಯಿಗಿಡ ಅದೇ ತೀರದ್ದಿರಲಿ. ಬಳ್ಳಿ, ಬೀಜಗಳನ್ನು ಚೆನ್ನಾಗಿರುವ ದಿಬ್ಬದಿಂದ ತರುವಾಗ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಕಡಲಿಗೆ ಮುಖಮಾಡಿದ ಸಾಲನ್ನು ಮುಟ್ಟಬಾರದು, ಕೀಳದೆ ಕತ್ತರಿಯಿಂದ ಕತ್ತರಿಸಬೇಕು. ಅಡುಂಬು ಬಳ್ಳಿಗೆ ನಾಲ್ಕರಿಂದ ಆರು ಗಿಣ್ಣಿರುವ, ಮೊಳದುದ್ದದ ತುಂಡು ಸರಿ. ಮೂರರಲ್ಲಿ ಎರಡು ಭಾಗ ಮರಳಿನೊಳಗೆ ಓರೆಯಾಗಿ ಮಲಗಿಸಿ, ಕುಡಿ ಹೊರಗೆ. ತುಂಡುಗಳ ನಡುವೆ ಅರ್ಧದಿಂದ ಒಂದು ಮೀಟರ್. ಮಳೆ ಹಿಡಿದ ಮೇಲೆ ನೆಟ್ಟರೆ ನೀರು ಹೊರುವ ಕೆಲಸವಿಲ್ಲ. ಬೀಜದಿಂದ ಬೆಳೆಸುವುದಾದರೆ ಅದರ ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಬೀಜದ ಕಣ್ಣು ಬಿಟ್ಟು ಇನ್ನೊಂದು ಬದಿಯನ್ನು ಸ್ಯಾಂಡ್‌ಪೇಪರಿಗೆ ಉಜ್ಜಿ ಒಂದು ರಾತ್ರಿ ನೆನೆಸಿದರೆ ಉಬ್ಬುತ್ತದೆ. ಉಬ್ಬದವನ್ನು ಮತ್ತೆ ಉಜ್ಜಿ.

ರಾವಣನ ಮೀಸೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದೇ ಗಿಡದ ತುಂಡುಗಳಿಂದ ಇಡೀ ದಿಬ್ಬ ತುಂಬಿಸಿದರೆ ಹಸಿರಾಗುತ್ತದೆ, ಬೀಜ ಮಾತ್ರ ಎಂದಿಗೂ ಕಟ್ಟುವುದಿಲ್ಲ. ಗಾಳಿಗೆ ಉರುಳಿ ಹೋಗುವ ಮುಳ್ಳುಚೆಂಡು ಹೆಣ್ಣಿನದು, ಅದನ್ನು ನೋಡಿ ಗುರುತಿಟ್ಟುಕೊಂಡು ಎರಡರಿಂದಲೂ ತುಂಡು ತರಬೇಕು. ನ್ಯೂಜಿಲೆಂಡಿನಲ್ಲಿ ಇದರ ಸೋದರ ಹುಲ್ಲನ್ನು ನೆಡುವಾಗ ಗುಣಿಗೆ ಸುಮಾರು 30 ಗ್ರಾಂ ನಿಧಾನವಾಗಿ ಕರಗುವ ಗೊಬ್ಬರ ಹಾಕುತ್ತಾರೆ. ಅದು ಮುಂದಿಬ್ಬಕ್ಕೆ ಮಾತ್ರ ಸರಿ, ಹಿಂದಿನ ದಿಬ್ಬದಲ್ಲಿ ಗೊಬ್ಬರ ಕಳೆಯ ಪಾಲು. ಮ್ಯಾರಮ್ ಹುಲ್ಲಾದರೆ ಎರಡು ಮೂರು ಕಡ್ಡಿಯ ಕಂತೆ, 20 ಸೆಂಟಿಮೀಟರಿಗಿಂತ ಆಳ, ಸುಮಾರು 45 ಸೆಂಟಿಮೀಟರ್ ಅಂತರ, ಚಳಿಗಾಲದಲ್ಲಿ ಅದು ಮಲಗಿರುವಾಗ. ಯಾವ ಗಿಡವಾದರೂ ಆಳದಲ್ಲಿ ಜಿಪುಣತನ ಬೇಡ. ಮೇಲಿನ ಗೇಣಷ್ಟು ಮರಳು ಒಣಗಿ ಹಾರುವಂಥದು, ತೇವ ಅದರ ಕೆಳಗೆ. ತೋಟದಲ್ಲಿ ನೆಟ್ಟಂತೆ ಬುಡದ ಮಟ್ಟಕ್ಕೆ ನೆಟ್ಟ ಸಸಿಯ ಬೇರು ವಾರದೊಳಗೆ ಗಾಳಿಗೆ ಬೀಳುತ್ತದೆ. ಸಾಲುಸಾಲಾಗಿಯೂ ಬೇಡ, ಸಾಲಿನ ನಡುವೆ ಗಾಳಿಗೆ ಓಣಿ ಸಿಗುತ್ತದೆ. ಹಿಂದಿನ ಸಾಲಿನ ಸಸಿ ಮುಂದಿನ ಎರಡರ ನಡುವೆ ಬರುವಂತೆ ನೆಡಬೇಕು.

ಅಳತೆಗೆ ದೊಡ್ಡ ಸಲಕರಣೆ ಬೇಕಿಲ್ಲ. ಸೆಂಟಿಮೀಟರ್ ಗುರುತು ಹಾಕಿದ ಒಂದಿಷ್ಟು ಕೋಲುಗಳನ್ನು ಉಬ್ಬರದ ಗೆರೆಯಿಂದ ಹಿಂದಿನ ದಿಬ್ಬದವರೆಗೆ ನೇರ ಸಾಲಿನಲ್ಲಿ ಹೂಳಿದರೆ ಮರಳು ಏರಿತೇ ಇಳಿಯಿತೇ ತಿಳಿಯುತ್ತದೆ. ಪ್ರತಿ ಕೋಲಿನ ಪಕ್ಕ ಒಂದು ಮೀಟರ್ ಚೌಕದಲ್ಲಿ ಹಸಿರು ಎಷ್ಟು ಪಾಲು ಎಂದು ಬರೆದಿಟ್ಟು, ಅದೇ ಜಾಗದಿಂದ ಅದೇ ದಿಕ್ಕಿಗೆ ಒಂದು ಫೋಟೊ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲು ಮತ್ತು ನಂತರ. ಮಳೆಯ ನಂತರದ ಹಸಿರನ್ನು ಹಿಂದಿನ ಬೇಸಿಗೆಯ ಫೋಟೊದ ಜೊತೆ ಹೋಲಿಸಿ ಗೆದ್ದೆವು ಎನ್ನುವ ವರದಿಗಳು ಬೇಕಾದಷ್ಟಿವೆ. ಮಳೆಯ ನಂತರದ್ದನ್ನು ಮಳೆಯ ನಂತರದ್ದಕ್ಕೇ ಹೋಲಿಸಬೇಕು. ಹಲಗೆದಾರಿಯ ಕೆಳಗೊಂದು, ಮುಚ್ಚಿದ ದಾರಿಯ ಮೇಲೊಂದು, ಯಾರೂ ತುಳಿಯದ ಕಡೆ ಒಂದು ಚೌಕ ಇಟ್ಟರೆ ಬದಲಾವಣೆ ಹವೆಯದೋ ಕೆಲಸದ್ದೋ ಎಂದು ಬಿಡಿಸಿ ನೋಡಬಹುದು.

ದೊಡ್ಡ ರಜೆಗಳಿಗೆ ಎರಡು ವಾರ ಮೊದಲು ಒಂದು ಸುತ್ತು ಹಾಕುವುದು ರೂಢಿಯಾಗಲಿ: ಹೂತ ಚಾಪೆ ಎಳೆದು, ಎದ್ದ ಸ್ಕ್ರೂ ಬಿಗಿದು, ಜೋಲುಬಿದ್ದ ಹಗ್ಗ ಎಳೆದು, ಮುಚ್ಚಿದ ದಾರಿಗಳ ಬಾಯಿಗೆ ಹೊಸ ಟೊಂಗೆ ತುಂಬಿ. ಆ ಸುತ್ತಿನಲ್ಲಿ ಬಳ್ಳಿಯ ಕುಡಿ ಹಗ್ಗದ ಕೆಳಗೆ ನುಸುಳಿ ಮುಂದೆ ಹೋಗಿದ್ದು ಕಂಡರೆ ಗೂಟ ಕಿತ್ತು, ಇನ್ನೂ ಮೂರು ಮೀಟರ್ ಕಡಲ ಕಡೆಗೆ ನೆಡಿ.